ತಟ್ಟೆಯ ಇನ್ನೊಂದು ಮೈ

ಮನೆಗೆ ಸುಣ್ಣ ಹೊಡೆಸುವ ದಿನ ಬಂತೆಂದರೆ ಅಟ್ಟದ ಮೇಲಿನ ಸಾಮಾನುಗಳಿಗೆಲ್ಲ ವಿಚಾರಣೆಯ ದಿನ ಬಂತೆಂದೇ ತಿಳಿಯಬೇಕು. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿ ಮಲಗಿದ್ದ ಕಾಲು ಮುರಿದ ಮಣೆ, ಮುಚ್ಚಳವಿಲ್ಲದ ಭರಣಿ, ತೊಟ್ಟಿಲ ಸರಪಳಿ ಎಲ್ಲವೂ ಅಂಗಳಕ್ಕಿಳಿದು ಸಾಲಾಗಿ ಕುಳಿತು ಮನೆಯೊಡತಿಯ ತೀರ್ಪಿಗಾಗಿ ಕಾಯುತ್ತವೆ. ಉಳಿಯತಕ್ಕದ್ದು ಒಂದು ಕಡೆ. ಗುಜರಿಗೆ ಹೋಗತಕ್ಕದ್ದು ಇನ್ನೊಂದು ಕಡೆ. ತೀರ್ಪು ಸಾಮಾನ್ಯವಾಗಿ ಕಠಿಣವಾದದ್ದೇ.

ಶಂಕರಪುರದ ಒಂದು ಮನೆಯ ಅಂಗಳದಲ್ಲಿ ಹೀಗೆ ಕುಳಿತ ಸಾಮಾನುಗಳ ನಡುವೆ ಒಂದು ತಗಡಿನ ಟ್ರಂಕು ಇತ್ತು. ಶಂಕರಪುರವೆಂದರೆ ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಸಿಕ್ಕುವ, ಮಲ್ಲಿಗೆಯಿಂದ ಹೆಸರಾದ ಊರು. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಒತ್ತಾಗಿ ಕಟ್ಟಿ, ಸುಮಾರು ೮೦೦ ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಮಾರಾಟಕ್ಕೆ ಕಳುಹಿಸುವುದು ಅಲ್ಲಿನ ಮನೆಮನೆಯ ನಿತ್ಯವಿಧಿ. ಈ ಕೆಲಸದಲ್ಲಿ ಕೈಗೆ ಬಿಡುವಿಲ್ಲ. ಕಿವಿಗೆ ಮಾತ್ರ ಬೇಕಾದಷ್ಟು ಬಿಡುವು. ಆದುದರಿಂದಲೇ ಹೂ ಕಟ್ಟುವ ಜಗಲಿಯಲ್ಲಿ ಒಂದು ಹಾಡುವ ಪೆಟ್ಟಿಗೆ ಎಂದಿನಿಂದಲೂ ಇದ್ದೇ ಇದೆ. ಮೊದಲು ರೇಡಿಯೊ, ಆಮೇಲೆ ಟೇಪ್ ರೆಕಾರ್ಡರು, ಈಗ ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟ ಫೋನು.

ಟ್ರಂಕಿನ ಒಡೆಯರು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಅವರು ಕೋಟದ ಕಡೆ ಶಾಲಾಮಾಸ್ತರರಾಗಿದ್ದು, ನಿವೃತ್ತರಾದ ಮೇಲೆ ಹೆಂಡತಿಯ ತವರಿನ ಮಲ್ಲಿಗೆ ಗಿಡಗಳ ಪಕ್ಕಕ್ಕೆ ಬಂದು ನೆಲಸಿದವರು. ಟ್ರಂಕಿನೊಳಗೆ, ಹಳೆಯ ಪಂಚಾಂಗಗಳ ಕೆಳಗೆ, ಹತ್ತು ಹನ್ನೆರಡು ಗ್ರಾಮಾಫೋನು ತಟ್ಟೆಗಳೂ ಒಂದು ಚಪ್ಪಲಿಯ ಪೆಟ್ಟಿಗೆಯ ತುಂಬ ಕ್ಯಾಸೆಟ್ಟುಗಳೂ ಇದ್ದವು. ತಟ್ಟೆ ತಿರುಗಿಸುವ ಯಂತ್ರ ಎಂದೋ ಅಣ್ಣತಮ್ಮಂದಿರ ಪಾಲಿನಲ್ಲಿ ಬೇರೆ ಮನೆ ಸೇರಿತ್ತು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗ ಅವನ್ನೆಲ್ಲ ಗುಜರಿಯ ಕಡೆಗೆ ಸರಿಸಿದ.

"ಇದನ್ನೆಲ್ಲ ಇಟ್ಟು ಏನು ಮಾಡುವುದು ಅಜ್ಜಿ? ಹಾಡು ಬೇಕಾದರೆ ಫೋನಿನಲ್ಲಿ ಉಂಟಲ್ಲ?"

"ಎಲ್ಲ ಉಂಟಾ?"

"ಎಲ್ಲ ಉಂಟು."

ಅಜ್ಜಿ ಹೂವಿನ ಬುಟ್ಟಿಯನ್ನು ಬದಿಗಿಟ್ಟು ಒಂದು ತಟ್ಟೆಯನ್ನೆತ್ತಿ ಸೆರಗಿನಿಂದ ಒರಸಿದರು. ಅದರ ಒಂದು ಮೈ ಮುಳ್ಳು ಹರಿದು ಹರಿದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಮೈ ಹೊಸ ಕೊಡೆಯ ಬಟ್ಟೆಯಂತೆ ಕಪ್ಪಾಗಿ ಹೊಳೆಯುತ್ತಿತ್ತು. "ಸವೆದದ್ದು ಇರಲಿ. ಸವೆಯದ್ದು ಉಂಟಾ ನೋಡು" ಎಂದರು.

ಮೊಮ್ಮಗ ಹುಡುಕಿದ. ಸವೆದ ಮೈಯ ಹಾಡು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ಅದೂ ಒಬ್ಬರದಲ್ಲ, ಏಳೆಂಟು ಮಂದಿ ಹಾಡಿದ್ದು. ಹೊಳೆಯುವ ಮೈಯ ಹಾಡು ಎಷ್ಟು ಹುಡುಕಿದರೂ ಸಿಕ್ಕಲಿಲ್ಲ.

ಆ ತಟ್ಟೆ ಪಿ. ಕಾಳಿಂಗರಾಯರದು. ಅವರ ಹೆಸರನ್ನು ಕೇಳದ ಕನ್ನಡದ ಮನೆಯುಂಟೆ? ಆದರೆ ಆ ಹೆಸರಿನೊಡನೆ ನೆನಪಾಗುವ ಹಾಡುಗಳನ್ನು ಎಣಿಸ ಹೊರಟರೆ ಎರಡು ಕೈಯ ಬೆರಳುಗಳು ಮುಗಿಯುವ ಮೊದಲೇ ಎಣಿಕೆ ನಿಲ್ಲುತ್ತದೆ. ರಾಜ್ಯೋತ್ಸವಕ್ಕೆ ಒಂದೆರಡು, ಪುರಂದರದಾಸರದೊಂದು, ಕುಣಿಗಲು ಕೆರೆಯ ಜನಪದ ಗೀತೆಯೊಂದು, ರಾಜರತ್ನಂ ಅವರ 'ರತ್ನನ ಪದಗಳು' ಪುಸ್ತಕದ್ದೊಂದು. ಇಷ್ಟರಲ್ಲಿ ಒಬ್ಬ ಮನುಷ್ಯನ ಜೀವಮಾನದ ಗಾಯನ ಮುಗಿದುಹೋದಂತೆ ನಾವು ನಡೆದುಕೊಳ್ಳುತ್ತೇವೆ. ಹೊಸಬರು ಇದೇ ಹಾಡುಗಳನ್ನು ಮತ್ತೆ ಮತ್ತೆ ಹಾಡಿ, ಮೂಲದ ದನಿಯನ್ನೇ ಕೇಳದ ಒಂದು ತಲೆಮಾರು ಬೆಳೆದು ನಿಂತಿದೆ. ಕಾಳಿಂಗರಾಯರ ಹಾಡು ಗೊತ್ತು, ಕಾಳಿಂಗರಾಯರು ಗೊತ್ತಿಲ್ಲ ಎಂಬ ಸ್ಥಿತಿ.

ಪಾಂಡೇಶ್ವರ ಕಾಳಿಂಗರಾಯರು ಹುಟ್ಟಿದ್ದು ೧೯೧೪ರಲ್ಲಿ, ಉಡುಪಿಯಿಂದ ಉತ್ತರಕ್ಕಿರುವ ಆರೂರಿನಲ್ಲಿ. ತಂದೆ ಪಾಂಡೇಶ್ವರ ಪುಟ್ಟಯ್ಯನವರು ಯಕ್ಷಗಾನದ ಕಲಾವಿದರು. ಹುಡುಗ ಚಿಕ್ಕಂದಿನಲ್ಲಿಯೇ ಅಂಬಾಪ್ರಸಾದಿತ ನಾಟಕ ಮಂಡಳಿಯನ್ನು ಸೇರಿದ. ಈ ಎರಡು ಸಂಗತಿಗಳನ್ನು ಮರೆತು ಅವರ ಹಾಡು ಕೇಳುವವರು ಅರ್ಧ ಹಾಡನ್ನಷ್ಟೇ ಕೇಳುತ್ತಾರೆ. ಬಯಲಿನಲ್ಲಿ ಇರುಳೆಲ್ಲ ಹಾಡಿ ಕಟ್ಟಕಡೆಯ ಸಾಲಿನವನಿಗೂ ಮಾತನ್ನು ಮುಟ್ಟಿಸಬೇಕಾದ ಕಸುಬಿನ ಮನೆಯಲ್ಲಿ ಬೆಳೆದ ಕಂಠ ಅದು. ಪರದೆ ಏಳುವ ಮೊದಲೇ ಸಭೆಯನ್ನು ಹಿಡಿದು ನಿಲ್ಲಿಸಬೇಕಾದ ನಾಟಕ ಕಂಪನಿಯಲ್ಲಿ ಪಳಗಿದ ಕಂಠ. ಅದರಲ್ಲಿನ ಅಕ್ಷರಶುದ್ಧಿ ಸಂಗೀತಶಾಲೆಯದಲ್ಲ, ರಂಗಸ್ಥಳದ್ದು. ಮುಂದೆ ಅವರು ಕವಿಗಳ ಪುಸ್ತಕಗಳನ್ನು ಕೈಗೆತ್ತಿಕೊಂಡು, ಕುವೆಂಪು, ಡಿ.ವಿ.ಜಿ., ರಾಜರತ್ನಂ ಅವರ ಪದ್ಯಗಳನ್ನು ಮೋಹನಕುಮಾರಿ, ಸೋಹನಕುಮಾರಿಯರ ಜೊತೆಗೂಡಿ ಊರೂರಿಗೆ ಹಾಡಿ ಬಂದರು. ಅಚ್ಚಿನಲ್ಲಿ ಓದದ ಕವಿತೆಯನ್ನು ಕಿವಿಯಲ್ಲಿ ಓದಿದವರು ಆ ಕಾಲದಲ್ಲಿ ಎಷ್ಟೋ ಮಂದಿ. ಕವಿತೆಗೆ ಇಂಥ ಉಪಕಾರ ಮಾಡಿದ ವಿಮರ್ಶಕರು ಕನ್ನಡದಲ್ಲಿ ಕಡಿಮೆ ಎಂದರೆ ವಿಮರ್ಶಕರು ಮುನಿಯಲಾರರೆಂದು ನಂಬೋಣ.

ಸಿನಿಮಾದಲ್ಲಿಯೂ ಅವರ ಕೈಯಿದೆ. ೧೯೫೯ರ 'ಅಬ್ಬಾ ಆ ಹುಡುಗಿ', ೧೯೬೧ರ 'ಕೈವಾರ ಮಹಾತ್ಮೆ' ಚಿತ್ರಗಳಿಗೆ ಸಂಗೀತ ನೀಡಿದವರು ಅವರೇ. ಒಂದು ಕಚಗುಳಿಯಿಡುವ ಚಿತ್ರ, ಇನ್ನೊಂದು ಭಕ್ತಿಯದು. ಈ ಎರಡನ್ನೂ ಒಬ್ಬನೇ ಮಾಡಿದನೆಂದರೆ ಅವನನ್ನು 'ನಾಡಗೀತೆಯ ಗಾಯಕ' ಎಂಬ ಒಂದೇ ಚೌಕಟ್ಟಿನಲ್ಲಿ ಕೂರಿಸುವುದು ಹೇಗೆ? ೧೯೮೧ರಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಹಾಡಿದ್ದು ಬಹಳ; ಜನ ಇಟ್ಟುಕೊಂಡದ್ದು ಕೆಲವು.

ಹೀಗಾಗುವುದಕ್ಕೆ ಆ ತಟ್ಟೆಯೂ ಸ್ವಲ್ಪ ಕಾರಣ. ನಿಮಿಷಕ್ಕೆ ೭೮ ಸುತ್ತು ತಿರುಗುವ ಹತ್ತಂಗುಲದ ತಟ್ಟೆಯಲ್ಲಿ ಒಂದು ಮೈಗೆ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು ಹಿಡಿಸುತ್ತಿತ್ತು. ಸಭೆಯಲ್ಲಿ ಒಂದು ಸಾಲನ್ನು ನಾಲ್ಕು ಬಗೆಯಲ್ಲಿ ತಿರುವಿ ಹಾಡುವ ಗಾಯಕ ಇಲ್ಲಿ ಗಡಿಯಾರದ ಮುಳ್ಳನ್ನು ನೋಡುತ್ತ ಓಡಬೇಕು. ಕೊಂಡವರು ಗೊತ್ತಿರುವ ಹಾಡಿನ ಮೈಯನ್ನೇ ಮೇಲೆ ಮಾಡಿ ಹಾಕುತ್ತಿದ್ದರು. ಹಾಕಿದಷ್ಟೂ ಅದು ಪರಿಚಿತವಾಗುತ್ತಿತ್ತು, ಪರಿಚಿತವಾದಷ್ಟೂ ಮತ್ತೆ ಅದನ್ನೇ ಹಾಕುತ್ತಿದ್ದರು. ಒಂದೊಂದು ಮೈಗೂ ಹೊಸ ಉಕ್ಕಿನ ಮುಳ್ಳು ಬೇಕೆಂಬ ನಿಯಮವಿದ್ದಾಗ, ಗುರುತಿಲ್ಲದ ಹಾಡಿಗಾಗಿ ಒಂದು ಮುಳ್ಳನ್ನು ಖರ್ಚು ಮಾಡುವವರು ಯಾರು? ಹೀಗೆ ಪ್ರತಿಯೊಂದು ಮನೆಯೂ ತನಗರಿವಿಲ್ಲದೆಯೇ ಅರ್ಧ ಗಾಯಕನನ್ನು ಕತ್ತಲಲ್ಲಿಟ್ಟಿತು.

ಕತ್ತಲಲ್ಲಿದ್ದ ಮೈಯನ್ನು ಮೇಲೆ ಮಾಡಿದರೆ ಕೆಲವೊಮ್ಮೆ ಕಾಣುವುದು ಬೇರೆಯೇ ಒಬ್ಬ ಗಾಯಕ. ಗಂಗೂಬಾಯಿ ಹಾನಗಲ್ ಅವರ ಗಂಭೀರವಾದ, ಗಂಡಸಿನದೆಂದು ಭ್ರಮೆ ಹುಟ್ಟಿಸುವ ದನಿಯನ್ನು ಬಲ್ಲವರು ೧೯೩೦ರ ದಶಕದ ಅವರ ಮೊದಲ ತಟ್ಟೆಗಳನ್ನು ಕೇಳಿದರೆ ಬೆಚ್ಚುತ್ತಾರೆ. ಅಲ್ಲಿರುವುದು ತೆಳುವಾದ, ಎಳೆಯ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ಇಳಿದು ನಾವು ಬಲ್ಲ ಆ ಘನತೆ ಬಂದದ್ದು. ಸಾಲದುದಕ್ಕೆ ಕಂಪನಿಯವರು ತಟ್ಟೆಯ ಮೇಲೆ ಹೆಸರನ್ನೂ ಬದಲಿಸಿ 'ಗಾಂಧಾರಿ' ಎಂದು ಅಚ್ಚು ಹಾಕಿದ್ದರು. ಹೆಸರು ಬೇರೆ, ದನಿ ಬೇರೆ. ಗೊತ್ತಿಲ್ಲದವರು ಆ ತಟ್ಟೆಯನ್ನು ಗುಜರಿಯವನಿಗೆ ಕೊಟ್ಟರೆ ಅವರನ್ನು ಬಯ್ಯುವುದಾದರೂ ಹೇಗೆ?

ಹೆಸರಿನ ವಿಷಯದಲ್ಲಿ ಎಲ್ಲರಿಗಿಂತ ಜಾಣೆಯೆನ್ನಬೇಕಾದವಳು ಗೌಹರ್ ಜಾನ್. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯಲ್ಲಿ ಧ್ವನಿಮುದ್ರಣದ ಯಂತ್ರ ಹೂಡಿದಾಗ ಹಾಡಿದ ಗಾಯಕಿ ಈಕೆ. ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ನಿಲ್ಲಿಸುತ್ತಿದ್ದಳು. ಅಚ್ಚಾಗಬೇಕಾದುದು ಸಮುದ್ರದಾಚೆ ಜರ್ಮನಿಯ ಹಾನೋವರಿನಲ್ಲಿ. ಭಾಷೆಯರಿಯದ ಅಲ್ಲಿನ ಕೆಲಸಗಾರರು ಒಬ್ಬಳ ಹಾಡಿಗೆ ಇನ್ನೊಬ್ಬಳ ಹೆಸರನ್ನು ಅಂಟಿಸದಿರಲೆಂಬ ಮುನ್ನೆಚ್ಚರಿಕೆ ಅದು. ಅದನ್ನು ಜಂಬವೆಂದು ತಿಳಿದು ನಕ್ಕವರುಂಟು. ಆಕೆ ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು ೧೯೩೦ರ ಜನವರಿಯಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದಳು. ಆಸ್ತಿ ಉಳಿಯಲಿಲ್ಲ, ತಟ್ಟೆಯ ಕೊನೆಯ ಆ ಹೆಸರು ಉಳಿದಿದೆ.

ಶಂಕರಪುರದ ಟ್ರಂಕಿನ ಕ್ಯಾಸೆಟ್ಟುಗಳಲ್ಲಿ ಈ ಜಾಣತನವನ್ನು ಯಾರೂ ತೋರಿಸಿರಲಿಲ್ಲ. ಮಾಸ್ತರರು ಶಾಲೆಯ ಹಾಜರಿ ಪುಸ್ತಕವನ್ನು ಮುತ್ತಿನಂತೆ ಬರೆದವರು. ತಮ್ಮ ಕ್ಯಾಸೆಟ್ಟುಗಳ ಮೇಲೆ ಮಾತ್ರ ಒಂದಕ್ಷರ ಬರೆದವರಲ್ಲ. ಬೇಕಾದುದನ್ನು ಕೈ ಹಾಕಿ ತೆಗೆಯುತ್ತಿದ್ದರಂತೆ. ಗುರುತು ಅವರ ತಲೆಯಲ್ಲಿತ್ತು. ಅದು ಅವರ ಜೊತೆಯಲ್ಲಿಯೇ ಹೋಯಿತು.

ಮನೆಯ ಟೇಪ್ ರೆಕಾರ್ಡರು ಕೆಟ್ಟು ಎಷ್ಟೋ ಕಾಲವಾಗಿತ್ತು. ಎದುರುಮನೆಯ ಬಾಯಮ್ಮನಲ್ಲಿ ಒಂದಿತ್ತು; ಅವರ ಮಗ ಹಿಂದೆ ಗಲ್ಫಿನಿಂದ ತಂದದ್ದು. ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳನ್ನು ಕೇಳಲೆಂದು ಆಕೆ ಅದನ್ನು ಇಂದಿಗೂ ಒರಸಿ ಇಟ್ಟುಕೊಂಡಿದ್ದರು. ೨೦೧೦ರಲ್ಲಿ ತೀರಿಕೊಂಡ ಆ 'ಕೊಂಕಣ ಕೋಗುಳ್' ಈ ಬೀದಿಯ ಅರ್ಧ ಮನೆಗಳಲ್ಲಿ ಇನ್ನೂ ಹಾಡುತ್ತಲೇ ಇದ್ದಾರೆ. ಬಾಯಮ್ಮ ಯಂತ್ರವನ್ನು ಕೊಟ್ಟು ಕಳುಹಿಸದೆ ತಾವೇ ಹೊತ್ತು ತಂದು, ಹೂ ಕಟ್ಟುವ ಜಗಲಿಯಲ್ಲಿ ಇಟ್ಟು, ಪಕ್ಕದಲ್ಲಿ ಕುಳಿತರು. ಯಂತ್ರದ ಮೇಲೆ ಕಾವಲು, ಹಾಡಿನ ಮೇಲೆ ಕುತೂಹಲ, ಎರಡೂ ಇದ್ದಿರಬೇಕು.

ವರ್ಷಕ್ಕೆ ೪,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಉಡುಪಿಯ ಸೀಮೆಯಲ್ಲಿ ಅಟ್ಟದ ಮೇಲಿನ ಕ್ಯಾಸೆಟ್ಟಿನ ಗತಿಯೇನೆಂದು ಕೇಳಬೇಕಾಗಿಲ್ಲ. ಪಟ್ಟಿಯ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕೂರುತ್ತದೆ. ಒಂದು ಸುತ್ತು ಇನ್ನೊಂದಕ್ಕೆ ಅಂಟುತ್ತದೆ. ಅವಸರದಿಂದ ಹಾಕಿದರೆ ಯಂತ್ರ ಅದನ್ನು ಎಳೆದು ಶಾವಿಗೆಯಂತೆ ಉಗುಳುತ್ತದೆ. ಮೊದಲನೆಯ ಕ್ಯಾಸೆಟ್ಟಿಗೆ ಹಾಗೆಯೇ ಆಯಿತು. ಎರಡನೆಯದನ್ನು ಮನೆಯ ಸೊಸೆ ಪೆನ್ಸಿಲು ತೂರಿಸಿ ಮೆಲ್ಲನೆ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿದಳು. ತಟ್ಟೆಗಳ ವಿಷಯದಲ್ಲಿಯೂ ಒಂದು ಮಾತು ಇಲ್ಲಿಯೇ ಹೇಳಿಬಿಡಬಹುದು: ಅವನ್ನು ಸ್ಪಿರಿಟ್ಟಿನಿಂದ ಒರಸಬಾರದು. ಹಳೆಯ ತಟ್ಟೆಯನ್ನು ಅರಗಿನಿಂದ ಮಾಡುತ್ತಿದ್ದರು. ಸ್ಪಿರಿಟ್ಟು ತಗುಲಿದರೆ ಅರಗು ಕರಗುತ್ತದೆ, ಜೊತೆಗೆ ಹಾಡೂ ಕರಗುತ್ತದೆ.

ಎರಡನೆಯ ಕ್ಯಾಸೆಟ್ಟಿನಲ್ಲಿ ಮೊದಲು ಕೇಳಿಸಿದ್ದು ಯಾವುದೋ ಮದುವೆಯ ಸ್ಯಾಕ್ಸಫೋನು. ಅಜ್ಜಿಯ ಮೋರೆ ಬಾಡಿತು. ಇದು ಮನೆಯ ಹಿರಿಯ ಮಗಳ ಮದುವೆಯದು. ಖಾಲಿ ಕ್ಯಾಸೆಟ್ಟು ಸಿಕ್ಕದೆ ಯಾರೋ ಹುಡುಗರು ಅಜ್ಜನ ಕ್ಯಾಸೆಟ್ಟಿನ ಮೇಲೆಯೇ ಹಿಡಿದದ್ದು. ಇಪ್ಪತ್ತು ನಿಮಿಷ ಧಾರೆಯ ಗದ್ದಲ. ಆಮೇಲೆ ಟಕ್ಕೆಂದು ಮದುವೆ ನಿಂತು ನಟ್ಟಿರುಳು ತೆರೆದುಕೊಂಡಿತು. ದೂರದ ಚಂಡೆ, ಹತ್ತಿರದಲ್ಲಿ ಯಾರೋ ಕಡಲೆ ಮಾರುವ ಕೂಗು, ಮದ್ದಳೆಯ ಮೇಲೆ ಒಂದು ನಿಧಾನವಾದ ಪದ್ಯ. ಎತ್ತರದ ಶ್ರುತಿ, ಆದರೆ ಅಬ್ಬರವಿಲ್ಲ. ದುಃಖವನ್ನು ಅತ್ತು ತೋರಿಸದೆ ಹೇಳಿ ತೋರಿಸುವ ಬಗೆ. ಪದ್ಯದ ನಡುವೆ, ಯಂತ್ರಕ್ಕೆ ತೀರ ಸಮೀಪದಲ್ಲಿ, ಒಂದು ಕೆಮ್ಮು.

ಅಜ್ಜಿಯ ಕೈಯಲ್ಲಿದ್ದ ನಾರು ನಿಂತಿತು. ಕೆಮ್ಮು ಯಾರದೆಂದು ಯಾರೂ ಕೇಳಲಿಲ್ಲ.

"ನಾವಡರು" ಎಂದರು ಅಜ್ಜಿ ಸ್ವಲ್ಪ ಹೊತ್ತಿನ ಮೇಲೆ. ಹಾಡುತ್ತಿದ್ದವರನ್ನು ಕುರಿತು.

ಆರೂರಿನಂತೆಯೇ ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಗುಂಡ್ಮಿ ಎಂಬ ಊರಿನಲ್ಲಿ ಹುಟ್ಟಿದ ಇನ್ನೊಬ್ಬ ಕಾಳಿಂಗ ಇವರು: ಗುಂಡ್ಮಿ ಕಾಳಿಂಗ ನಾವಡರು. ೧೯೫೮ರಲ್ಲಿ ಜನನ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಸಾಲಿಗ್ರಾಮ ಮೇಳದ ಡೇರೆಯೊಳಗೆ ಈ ತರುಣ ಭಾಗವತ ಬಂದು ಕುಳಿತ ಮೇಲೆ ಜನ ವೇಷ ನೋಡಲು ಹೋಗುತ್ತಿದ್ದರೋ ಪದ್ಯ ಕೇಳಲು ಹೋಗುತ್ತಿದ್ದರೋ ಹೇಳುವುದು ಕಷ್ಟವಾಯಿತು. ಯಕ್ಷಗಾನದಲ್ಲಿ ಕೇಳದಿದ್ದ ರಾಗಗಳನ್ನು ತಂದರು. 'ನಾಗಶ್ರೀ'ಯಂಥ ಹೊಸ ಪ್ರಸಂಗಗಳನ್ನು ಬರೆದರು. ಸಂಪ್ರದಾಯ ಕೆಟ್ಟಿತೆಂದು ಹಿರಿಯರು ಗೊಣಗಿದರು, ಡೇರೆ ತುಂಬಿತು. ೧೯೯೦ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತದಲ್ಲಿ ಅವರು ಹೋದಾಗ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಅದು ಕ್ಯಾಸೆಟ್ಟಿನ ಕಾಲ. ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ಟುಗಳಿಗಿಂತ ಹೆಚ್ಚಾಗಿ, ಅಭಿಮಾನಿಗಳು ರಂಗಸ್ಥಳದ ಮುಂದೆ ಯಂತ್ರವಿಟ್ಟು ಹಿಡಿದವು ಮನೆಯಿಂದ ಮನೆಗೆ ಪ್ರತಿಯಾಗುತ್ತ ಕರಾವಳಿಯೆಲ್ಲ ಹರಡಿದವು. ಇಂದು ಫೋನಿನಲ್ಲಿ ನಾವಡರೆಂದು ಹುಡುಕಿದರೆ ಸಿಕ್ಕುವುದು ಮುಖ್ಯವಾಗಿ ಏರುಪದ್ಯಗಳು: ಚಂಡೆಯ ಅಬ್ಬರಕ್ಕೆ ಸರಿಯಾಗಿ ಏರಿ, ಚಪ್ಪಾಳೆ ಗಿಟ್ಟಿಸಿದಂಥವು. ಮೆಲ್ಲಗೆ ಹಾಡಿದವನ್ನು ಪ್ರತಿ ಮಾಡಿಕೊಂಡವರು ಕಡಿಮೆ. ಅಲ್ಲಿಯೂ ಒಂದು ಮೈ ಸವೆದಿದೆ, ಇನ್ನೊಂದು ಹೊಳೆಯುತ್ತಿದೆ.

ಆದರೆ ಅಜ್ಜಿಯ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ. ಪಕ್ಕದ ಮನೆಯಲ್ಲಿ, ಹಿಂದೊಮ್ಮೆ ಸಂಘದ ಆಟಗಳಲ್ಲಿ ಮದ್ದಳೆ ಬಾರಿಸಿದ್ದ ವೃದ್ಧರೊಬ್ಬರಿದ್ದರು. ಪದ್ಯ ಕಿವಿಗೆ ಬಿದ್ದು ಅವರು ಬೇಲಿಯ ದಣಪೆ ದಾಟಿ ಬಂದರು. ಎರಡು ಸಲ ಹಿಂದೆ ತಿರುಗಿಸಿ ಕೇಳಿದರು. "ಅಕ್ಕ, ಇದು ನಾವಡರಲ್ಲ. ಇದು ಉಪ್ಪೂರರು" ಎಂದುಬಿಟ್ಟರು.

ಜಗಲಿಯಲ್ಲಿ ಮಾತು ನಿಂತಿತು. ನಾರಣಪ್ಪ ಉಪ್ಪೂರರೆಂದರೆ ನಾವಡರ ಗುರು. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಹುಡುಗರಿಗೆ ಪಾಠ ಹೇಳಿದವರು. ಅವರು ತೀರಿಕೊಂಡದ್ದು ೧೯೮೪ರಲ್ಲಿ, ಊರಿನಲ್ಲಿ ಟೇಪ್ ರೆಕಾರ್ಡರುಗಳು ಇನ್ನೂ ಬೆರಳೆಣಿಕೆಯಷ್ಟಿದ್ದಾಗ. ಶಿಷ್ಯನ ದನಿ ಸಾವಿರ ಮನೆಗಳಲ್ಲಿ ಉಳಿಯಿತು. ಗುರುವಿನದು ಹಾಗೆ ಉಳಿಯಲಿಲ್ಲ. ಹತ್ತು ವರ್ಷ ಮುಂಚೆ ಹುಟ್ಟಿದ ಯಂತ್ರವೋ ಹತ್ತು ವರ್ಷ ತಡವಾಗಿ ಹುಟ್ಟಿದ ಗುರುವೋ ಆಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಈ ಕ್ಯಾಸೆಟ್ಟಿನಲ್ಲಿರುವುದು ಉಪ್ಪೂರರಾದರೆ ಅದರ ಬೆಲೆಯನ್ನು ಗುಜರಿಯವನ ತಕ್ಕಡಿ ಹೇಳಲಾರದು. ನಾವಡರೇ ಆದರೆ, ಗುರುವಿನ ದನಿಯನ್ನು ಇಷ್ಟು ಹತ್ತಿರದಿಂದ ಹೊತ್ತಿದ್ದ ಶಿಷ್ಯನನ್ನು ಅದು ತೋರಿಸುತ್ತದೆ. ಸಂಪ್ರದಾಯ ಮುರಿದನೆಂಬ ದೂರಿಗೆ ಅವನ ಕಡೆಯ ಸಾಕ್ಷಿಯಾಗುತ್ತದೆ. ಯಾವುದಾದರೂ ದೊಡ್ಡದೇ. ಯಾವುದೆಂದು ಹೇಳಬಲ್ಲ ಮನುಷ್ಯ ಕ್ಯಾಸೆಟ್ಟಿನೊಳಗಿಂದ ಕೆಮ್ಮುತ್ತಿದ್ದಾನೆ, ಮಾತಾಡುತ್ತಿಲ್ಲ.

ಇಂಥ ಹುಡುಕಾಟ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. ಅಮೆರಿಕದಲ್ಲಿ ಆಫ್ರಿಕನ್ ಮೂಲದವರ ಒಂದು ಗಾಯನಪದ್ಧತಿಯುಂಟು. ಅದರ ಹೆಸರು ಕನ್ನಡದ ಕಿವಿಗೆ 'ಸೋಲು' ಎಂದು ಕೇಳಿಸುತ್ತದೆ. ಅರ್ಥ ಮಾತ್ರ ಆತ್ಮ. ಇಗರ್ಜಿಯಲ್ಲಿ ದೇವರ ಮುಂದೆ ಹಾಡುತ್ತಿದ್ದ ರೀತಿಯನ್ನೇ ಪ್ರೇಮಕ್ಕೂ ವಿರಹಕ್ಕೂ ತಿರುಗಿಸಿ ಹಾಡಿದ್ದರಿಂದ ಹುಟ್ಟಿದ ಸಂಗೀತ. ಭಜನೆಯ ಕಂಠ ಭಾವಗೀತೆಗೆ ಇಳಿದಂತೆ ಎಂದುಕೊಳ್ಳಬಹುದು. ಅಲ್ಲಿನ ಓಟಿಸ್ ರೆಡ್ಡಿಂಗ್ ಎಂಬ ಗಾಯಕ ೧೯೬೭ರ ಡಿಸೆಂಬರ್ ೧೦ರಂದು ವಿಮಾನಾಪಘಾತದಲ್ಲಿ ಸತ್ತಾಗ ವಯಸ್ಸು ಇಪ್ಪತ್ತಾರು. ಸಾಯುವುದಕ್ಕೆ ಕೆಲವೇ ದಿನ ಮೊದಲು ಹಾಡಿಟ್ಟಿದ್ದ ಒಂದು ಹಾಡು ಆಮೇಲೆ ಹೊರಬಂದು ದೇಶಕ್ಕೆಲ್ಲ ಮೊದಲನೆಯದಾಯಿತು. ಸಮುದ್ರದ ದಂಡೆಯಲ್ಲಿ ಸುಮ್ಮನೆ ಕುಳಿತವನ ಆ ಹಾಡಿನ ತಣ್ಣನೆಯ ದನಿಯಿಂದಲೇ ಲೋಕ ಅವನನ್ನು ಇಂದು ಗುರುತಿಸುತ್ತದೆ. ಅದಕ್ಕೆ ಮೊದಲು ಗಂಟಲು ಹರಿಯುವಂತೆ ಬೇಡಿ, ಕೂಗಿ, ಕಾಡಿ ಹಾಡಿದ ಓಟಿಸ್ ಬೇರೆಯೇ ಇದ್ದಾನೆ.

ಈ ಸಂಗೀತದ ಅರಿಯದ ತಟ್ಟೆಗಳನ್ನು ಹುಡುಕಿದವರು ಅಮೆರಿಕದವರಲ್ಲ. ಇಂಗ್ಲೆಂಡಿನ ಉತ್ತರದ ಗಿರಣಿ ಪಟ್ಟಣಗಳ ಹುಡುಗ ಹುಡುಗಿಯರು. ೧೯೭೦ರ ದಶಕದಲ್ಲಿ ವಿಗನ್ ಎಂಬ ಊರಿನ ಒಂದು ನೃತ್ಯಶಾಲೆಯಲ್ಲಿ ಶನಿವಾರದಿರುಳು ಬೆಳಗಿನವರೆಗೆ ಕುಣಿಯುತ್ತಿದ್ದ ಅವರಿಗೆ ಹೆಸರಾದ ಹಾಡುಗಳು ಬೇಡ. ಹುಟ್ಟಿದ ಊರಿನಲ್ಲಿಯೇ ಮಾರಾಟವಾಗದೆ ಬಿದ್ದವು ಬೇಕು. ಫ್ರಾಂಕ್ ವಿಲ್ಸನ್ ಎಂಬಾತ ೧೯೬೫ರಲ್ಲಿ ಒಂದು ಹಾಡು ಹಾಡಿ, ಆಮೇಲೆ ಹಾಡುವುದಕ್ಕಿಂತ ಹಾಡಿಸುವುದೇ ಮೇಲೆಂದು ಹಿಂದೆ ಸರಿದ. ತಟ್ಟೆಗಳು ನಾಶವಾದವು. ಉಳಿದದ್ದು ಒಂದೆರಡು. ಅವುಗಳಲ್ಲೊಂದು ೨೦೦೯ರಲ್ಲಿ ೨೫,೦೦೦ ಪೌಂಡಿಗೂ ಮೇಲಿನ ಬೆಲೆಗೆ ಹೋಯಿತು. ಹಣದ ಮಾತು ಕೇಳಿ ಓದುಗರು ಅಟ್ಟ ಹತ್ತಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಅಂಥ ಸಂತೆ ನೆರೆದಿಲ್ಲ. ಆ ಹುಡುಗರಿಗೆ ಒಂದು ಅನುಕೂಲವಿತ್ತು: ಹುಡುಕಬೇಕಾದ ತಟ್ಟೆಯ ಮೇಲೆ ಹೆಸರು ಅಚ್ಚಾಗಿತ್ತು. ನಮ್ಮ ಕರಾವಳಿಯ ಕ್ಯಾಸೆಟ್ಟಿನ ಮೇಲೆ ಅದಿಲ್ಲ.

ವಿದ್ವಾಂಸರು ಕೈಹಾಕಿದ ಕಡೆ ಈ ಕೊರತೆಯಿಲ್ಲ. ನಾವಡರು ತೀರಿಕೊಂಡ ೧೯೯೦ರ ಡಿಸೆಂಬರಿನಲ್ಲಿಯೇ ಉಜಿರೆಯ ಬಳಿಯ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಧ್ವನಿಮುದ್ರಿಸಿಕೊಂಡರು. ೧೫,೬೮೩ ಸಾಲುಗಳು, ೧೯೯೮ರಲ್ಲಿ ಪುಸ್ತಕವಾಗಿಯೂ ಬಂತು. ಹಾಡಿದವರಾರು, ಎಲ್ಲಿ, ಎಂದು ಎಂಬುದೆಲ್ಲ ಅಲ್ಲಿ ದಾಖಲೆಯಾಗಿದೆ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆವರಣದಲ್ಲಿ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವೂ ಇಂಥ ಧ್ವನಿ ಸಂಗ್ರಹವನ್ನು ಕಟ್ಟಿತು. ಆದರೆ ಮಾಸ್ತರರಂಥವರು ಹಿಡಿದಿಟ್ಟದ್ದು ಸಂಗ್ರಹಕ್ಕೆಂದಲ್ಲ, ಮಾರನೆಯ ದಿನ ಮತ್ತೆ ಕೇಳುವುದಕ್ಕೆ. ಅದರಲ್ಲಿ ಕಡಲೆಯ ಕೂಗಿದೆ, ಮಗು ಅಳುವುದಿದೆ, ಪಕ್ಕದವರು "ಈಗ ಬರುತ್ತದೆ ನೋಡಿ" ಎಂದು ಪಿಸುಗುಟ್ಟುವುದಿದೆ. ವಿದ್ವಾಂಸರ ಪಟ್ಟಿಯಲ್ಲಿ ಇವೆಲ್ಲ ದೋಷಗಳು. ಪದ್ಯವನ್ನು ಯಾರು, ಎಷ್ಟು ಆಸೆಯಿಂದ ಕೇಳುತ್ತಿದ್ದರೆಂಬುದಕ್ಕೆ ಇವಕ್ಕಿಂತ ಬೇರೆ ದಾಖಲೆ ಎಲ್ಲಿದೆ?

ಆ ದಿನ ಮಧ್ಯಾಹ್ನದವರೆಗೆ ಜಗಲಿಯಲ್ಲಿ ಗುರುವೋ ಶಿಷ್ಯನೋ ಎಂಬ ವಾದ ನಡೆಯಿತು. ಮದ್ದಳೆಯವರು ಪದ್ಯ ಎತ್ತಿಕೊಳ್ಳುವ ರೀತಿಯನ್ನು ಹೇಳಿದರು. ಅಜ್ಜಿ ಪದ್ಯ ಬಿಡುವ ರೀತಿಯನ್ನು ಹೇಳಿದರು. ಬಾಯಮ್ಮ, ತಮಗೆ ಭಾಗವತರು ಯಾರೂ ಗೊತ್ತಿಲ್ಲವಾದರೂ ಹಾಡಿದವನಿಗೆ ಮನೆಯಲ್ಲಿ ಏನೋ ನೋವಿರಬೇಕೆಂದು ಹೇಳಿದರು. ಮೊಮ್ಮಗ ಇಬ್ಬರ ಏರುಪದ್ಯಗಳನ್ನೂ ಫೋನಿನಲ್ಲಿ ಹುಡುಕಿ ಕಿವಿಗೆ ಹಿಡಿದು ನೋಡಿದ. ಏರುಪದ್ಯವನ್ನು ಕೇಳಿ ಮೆಲುಪದ್ಯದ ಒಡೆಯನನ್ನು ಗುರುತಿಸುವುದು ನಗುವನ್ನು ಕಂಡು ಅಳುವನ್ನು ಊಹಿಸಿದಂತೆ, ಏನೂ ತೀರ್ಮಾನವಾಗಲಿಲ್ಲ. ಕೊನೆಗೆ ಅವನು ಆ ಇಪ್ಪತ್ತೈದು ನಿಮಿಷಗಳನ್ನು ಫೋನಿಗೆ ಇಳಿಸಿಕೊಂಡ. ಗುಂಡ್ಮಿಯ ಕಡೆ ತಿಳಿದವರಿಗೆ ಕೇಳಿಸಿ ಬರುವುದೆಂದು ಮದ್ದಳೆಯವರೂ ಅವನೂ ಬರುವ ಭಾನುವಾರಕ್ಕೆ ದಿನ ಗೊತ್ತು ಮಾಡಿದರು. ಮದುವೆಯ ಸ್ಯಾಕ್ಸಫೋನನ್ನು ಅಳಿಸಿಬಿಡಲೇ ಎಂದು ಕೇಳಿದ್ದಕ್ಕೆ ಅಜ್ಜಿ, "ಅದು ನಿನ್ನ ಅತ್ತೆಯ ಮದುವೆಯದ್ದು, ಇರಲಿ" ಎಂದರು.

ಕ್ಯಾಸೆಟ್ಟಿನ ನೆತ್ತಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ಕಿನ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೇನನ್ನೂ ಹಿಡಿಯಲು ಬರುವುದಿಲ್ಲ. ಅಜ್ಜನಿಗೆ ಈ ಸಂಗತಿ ತಿಳಿದಿತ್ತೋ ಇಲ್ಲವೋ, ಬಾಯಮ್ಮನಿಗೆ ತಿಳಿದಿತ್ತು. ಅವರು ಹೇಳಿಕೊಟ್ಟಂತೆ ಅಜ್ಜಿ ಬಾಳೆನಾರು ಸೀಳುವ ಚಾಕುವಿನ ಮೊನೆಯಿಂದ ಎರಡು ಹಲ್ಲುಗಳನ್ನೂ ಮುರಿದರು. ತಟ್ಟೆಗಳು ಹಳೆಯ ಪಂಚಾಂಗದ ಹಾಳೆಗಳ ನಡುವೆ ನಿಲುವಾಗಿ ಟ್ರಂಕಿಗೆ ಮರಳಿದವು. ಟ್ರಂಕು ಮಾತ್ರ ಅಟ್ಟಕ್ಕೆ ಮರಳದೆ ಒಳಕೋಣೆಯ ಗೋದ್ರೆಜ್ ಕಪಾಟಿನ ಪಕ್ಕಕ್ಕೆ ಬಂತು. ಗುಜರಿಯವನು ಬಂದಾಗ ಅವನ ಪಾಲಿಗೆ ಮಣೆ ಮತ್ತು ಸರಪಳಿ ಉಳಿದಿದ್ದವು.

ಚೀಟಿ ಅಂಟಿಸುವ ಕೆಲಸ ಸೊಸೆಯದಾಯಿತು. ಭಾಗವತರ ಹೆಸರು ಬರೆಯಲು ಆಕೆ ಪೆನ್ನೆತ್ತಿ ಅತ್ತೆಯ ಮುಖವನ್ನೂ ಮದ್ದಳೆಯವರ ಮುಖವನ್ನೂ ನೋಡಿದಳು. ಹೊರಗೆ ಹೂವಿನ ಗಾಡಿಯವನು ಎರಡನೆಯ ಸಲ ಹಾರ್ನು ಮಾಡುತ್ತಿದ್ದ. ಆ ದಿನದ ಅಟ್ಟೆಯಲ್ಲಿ ಇನ್ನೂ ಒಂದು ಚೆಂಡು ಬಾಕಿಯಿತ್ತು. ಆಕೆ ಬೇಗಬೇಗನೆ ಬರೆದು ಅಂಟಿಸಿ ಎದ್ದಳು. ಚೀಟಿಯ ಮೇಲೆ ಇದ್ದದ್ದು ಇಷ್ಟೆ: "ಮೊದಲು ಅತ್ತಿಗೆಯ ಮದುವೆ. ಆಮೇಲೆ ಮಾವನ ಕೆಮ್ಮು ಇರುವ ಪದ್ಯ. ಹಾಡಿದವರು ಉಪ್ಪೂರರು ಅಥವಾ ನಾವಡರು. ಅಳಿಸಬಾರದು."